ಒಂದು ಬ್ರಾಕೆಟ್‌ಗೆ ಒಂದು ಹಾಳೆ

ನಮ್ಮ ದಾವಣಗೆರೆಯ ವಿದ್ಯಾನಗರದ ಕಡೆಯ ಒಂದು ಜೆರಾಕ್ಸ್ ಅಂಗಡಿಯಿಂದ ಈಗಷ್ಟೇ ಬಂದಿದ್ದೇನೆ. ಇದನ್ನು ಬರೆಯದಿದ್ದರೆ ಊಟ ಸೇರುವುದಿಲ್ಲ.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಲ್ಯಾಬ್ ರೆಕಾರ್ಡ್‌ಗೆಂದು ಸಿ ಪ್ರೋಗ್ರಾಂಗಳ ಫೈಲ್ ತಂದಿದ್ದ. ಅಂಗಡಿಯವರು ಅದನ್ನು ವರ್ಡ್‌ಗೆ ಅಂಟಿಸಿ ಪ್ರಿಂಟ್ ಒತ್ತಿದರು. ಒಳಸರಿದು ನಿಲ್ಲಬೇಕಾದ ಸಾಲುಗಳು ಎಡಕ್ಕೆ ಕುಸಿದಿದ್ದವು, ಉದ್ದದ ಸಾಲುಗಳು ಎಲ್ಲೆಂದರಲ್ಲಿ ಮುರಿದಿದ್ದವು, ಪುಟ ಸಂಖ್ಯೆ ಹುಡುಕಿದರೂ ಇರಲಿಲ್ಲ. ಕೊನೆಯ ಹಾಳೆಯಲ್ಲಿ ಇದ್ದದ್ದು ಒಂದೇ ಒಂದು ಮುಚ್ಚುವ ಬ್ರಾಕೆಟ್. ಇಡೀ ಎ4 ಹಾಳೆಗೆ ಒಂದು ಬ್ರಾಕೆಟ್! ಹುಡುಗ ಅದಕ್ಕೂ ಹಣ ಕೊಟ್ಟು, ಎಲ್ಲವನ್ನೂ ಸ್ಪೈರಲ್ ಬೈಂಡಿಂಗ್‌ಗೆ ಕೊಟ್ಟ. ತೂತುಗಳು ನೇರವಾಗಿ ಅಕ್ಷರಗಳ ಮೇಲೆಯೇ ಬಿದ್ದವು. ಯಾರಿಗೂ ಏನೂ ಅನ್ನಿಸಲಿಲ್ಲ. ಉರಿದದ್ದು ನನಗೊಬ್ಬನಿಗೇ.

ನಾನು ಮಂಡಿಪೇಟೆಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಮುಂದೆ ಕಳೆದ ವರ್ಷಗಳ ಕಥೆ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ ಎಂದು ಗೊತ್ತು. ಆದರೂ ಒಂದು ಮಾತು. ಆಗ ಕಾಗದಕ್ಕೆ ಕಳುಹಿಸುವ ಮೊದಲು ಪುಟ ಕಟ್ಟುತ್ತಿದ್ದೆವು. ಇಂಚಿಗೆ 6 ಸಾಲು, 11 ಇಂಚಿನ ಕಾಗದ, ಅಲ್ಲಿಗೆ ಪುಟಕ್ಕೆ 66 ಸಾಲು. ಈ ಲೆಕ್ಕ ಬಾಯಿಪಾಠವಾಗಿತ್ತು. ಈ ಹುಡುಗನಿಗೆ ಆ ಬಾಯಿಪಾಠವೂ ಬೇಕಿಲ್ಲ, ಏಕೆಂದರೆ ಅದೇ ಲೆಕ್ಕ ಪಿಆರ್ ಎಂಬ ಪುಟ್ಟ ಕಮಾಂಡಿನೊಳಗೆ ಕುಳಿತಿದೆ. ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ 1971ರ ಮೊದಲ ಕೈಪಿಡಿಯಲ್ಲೇ ಇದ್ದ, ಅದರ ಮಾದರಿಯ ಈಗಿನ ಲಿನಕ್ಸ್‌ನಲ್ಲೂ ಇರುವ ಕಮಾಂಡ್ ಅದು. ಏನೂ ಹೇಳದೆ ಫೈಲ್ ಕೊಟ್ಟರೆ ಅದು 66 ಸಾಲಿನ ಪುಟವನ್ನೇ ಕಟ್ಟುತ್ತದೆ: ಮೇಲೆ 5 ಸಾಲು, ಕೆಳಗೆ 5 ಸಾಲು ಬಿಟ್ಟು, ನಡುವೆ 56 ಸಾಲು ಪಠ್ಯ. ತಲೆಯ ಮೇಲೆ ದಿನಾಂಕ, ಫೈಲಿನ ಹೆಸರು, ಪುಟ ಸಂಖ್ಯೆ. ಕೇಳದೆಯೇ ಕೊಡುತ್ತದೆ, ಮಹಾರಾಯರೇ!

ಬೈಂಡಿಂಗ್‌ಗೆ ಎಡಗಡೆ ಜಾಗ ಬೇಕೇ? ಕಮಾಂಡಿನ ಮುಂದೆ ಮೈನಸ್ ಓ 8 ಎಂದು ಸೇರಿಸಿದರೆ ಎಂಟು ಅಕ್ಷರದಷ್ಟು ಒಳಗೆ ಸರಿಯುತ್ತದೆ. ಸಾಲಿಗೆ ಸಂಖ್ಯೆ ಬೇಕಾದರೆ ಮೈನಸ್ ಎನ್. ಫೈಲಿನ ಹೆಸರಿನ ಬದಲು ತನ್ನ ಹೆಸರು, ಕ್ರಮಸಂಖ್ಯೆ ಬರಬೇಕೆಂದರೆ ಮೈನಸ್ ಎಚ್. ಎ4 ಕಾಗದದ ಎತ್ತರ 297 ಮಿಲಿಮೀಟರ್, ಅಂದರೆ 66ರ ಬದಲು 70 ಸಾಲು. ಪ್ರಿಂಟರ್ ತಾನೂ ಅಂಚು ಬಿಡುವುದರಿಂದ ಪೂರ್ತಿ 70 ಕೇಳಿದರೆ ಪುಟ ತಪ್ಪುವುದುಂಟು. ಅದಕ್ಕೆ ಮೈನಸ್ ದೊಡ್ಡ ಎಫ್ ಹಾಕಿ. ಆಗ ಖಾಲಿ ಸಾಲುಗಳನ್ನು ಸುರಿದು ಪುಟ ತುಂಬಿಸುವ ಬದಲು ಫಾರ್ಮ್ ಫೀಡ್ ಎಂಬ ಒಂದೇ ಸಂಕೇತ, ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ 12 ಸಂಖ್ಯೆಯದು, ಮುಂದಿನ ಹಾಳೆ ಎಳೆಯಲು ಹೇಳುತ್ತದೆ. ಮುಖ್ಯವಾಗಿ, ಎಲ್ಲವನ್ನೂ ಪ್ರಿಂಟರಿಗೆ ಕಳುಹಿಸುವ ಎಲ್‌ಪಿ ಕಮಾಂಡಿಗೆ ಕೊಡುವ ಮುನ್ನ, ಪರದೆಯ ಮೇಲೆ ತೋರಿಸುವ ಲೆಸ್‌ಗೆ ಕೊಟ್ಟು ನೋಡಬಹುದು. ಕೊನೆಯ ಪುಟದಲ್ಲಿ ಬ್ರಾಕೆಟ್ ಒಂಟಿಯಾಗಿ ನಿಂತಿದೆಯೇ ಎಂಬುದು ಕಾಗದ ಹಾಳಾಗುವ ಮೊದಲೇ ತಿಳಿಯುತ್ತದೆ, ಪುಟದ ಸಾಲು ಒಂದೆರಡು ಹೆಚ್ಚಿಸಿ ಅದನ್ನು ಒಳಗೆ ಎಳೆದುಕೊಳ್ಳಬಹುದು.

ಪಿಆರ್ ಮಾಡದ ಕೆಲಸವೂ ಇದೆ: ಉದ್ದದ ಸಾಲನ್ನು ಮಡಚುವುದು. ಅದಕ್ಕೆ ಫೋಲ್ಡ್ ಎಂಬ ಇನ್ನೊಂದು ಕಮಾಂಡ್. ಅದಕ್ಕೂ ಮೈನಸ್ ಎಸ್ ಎಂದು ಹೇಳಬೇಕು, ಇಲ್ಲದಿದ್ದರೆ ಪದದ ನಡುವೆಯೇ ಕತ್ತರಿ ಹಾಕುತ್ತದೆ. ಎಫ್‌ಎಂಟಿ ಎಂಬ ಇನ್ನೊಬ್ಬನಿದ್ದಾನೆ, ಅವನು ಪತ್ರ, ಪ್ರಬಂಧಗಳಿಗೆ ಮಾತ್ರ. ಅವನ ಕೈಗೆ ಪ್ರೋಗ್ರಾಂ ಕೊಟ್ಟರೆ ಸಾಲುಗಳನ್ನೆಲ್ಲ ಕಲಸಿ ಅವಲಕ್ಕಿ ಮಾಡಿ ಕೊಡುತ್ತಾನೆ.

‘ಅಂಗಡಿಯಲ್ಲಿ ಲಿನಕ್ಸ್ ಎಲ್ಲಿದೆ ಸಾರ್?’ ಎಂದು ಕೇಳುವವರು ಬರುತ್ತಾರೆ, ಬರಲಿ. ಆ ಹುಡುಗ ಪ್ರೋಗ್ರಾಂ ಕಂಪೈಲ್ ಮಾಡಿದ್ದು ಕಾಲೇಜಿನ ಲ್ಯಾಬಿನ ಲಿನಕ್ಸ್‌ನಲ್ಲೇ; ನಾನೇ ಕೇಳಿದೆ. ಅದೇ ಕಪ್ಪು ಪರದೆಯಲ್ಲಿ, ಕಂಪೈಲ್ ಮಾಡಲು ಜಿಸಿಸಿ ಎಂದು ಟೈಪ್ ಮಾಡಿದ ಅದೇ ಜಾಗದಲ್ಲಿ, ಪಿಆರ್ ಎಂಬ ಎರಡು ಅಕ್ಷರ ಟೈಪ್ ಮಾಡಬಹುದಿತ್ತು. ಪುಟ ಕಟ್ಟಿ, ಪಿಡಿಎಫ್ ಮಾಡಿಕೊಂಡು ಬಂದಿದ್ದರೆ ಅಂಗಡಿಯವರಿಗೆ ಒತ್ತುವುದಷ್ಟೇ ಕೆಲಸ. ಇನ್ನು ‘ಕಾಗದವೇಕೆ, ಮೊಬೈಲಿನಲ್ಲಿ ಓದಬಹುದಲ್ಲ’ ಎನ್ನುವ ಪರಿಸರಪ್ರೇಮಿಗಳಿಗೆ ನಮಸ್ಕಾರ. ಆ ಉಪದೇಶವನ್ನು ರೆಕಾರ್ಡ್ ಕೇಳುವ ಕಾಲೇಜಿನವರಿಗೆ ಮಾಡಿ.

ನನಗೆ ಇದೊಂದು ಗೀಳು, ಒಪ್ಪುತ್ತೇನೆ. ಮನೆಯ ಕಿರಾಣಿ ಪಟ್ಟಿಯನ್ನೂ ಎರಡು ಕಾಲಂ ಮಾಡಿ, ಮೇಲೆ ದಿನಾಂಕ ಹಾಕಿ, ‘ಪುಟ 1’ ಎಂದು ಅಚ್ಚು ಮಾಡಿ ಹೆಂಡತಿಯ ಕೈಗೆ ಕೊಟ್ಟಿದ್ದೆ. ಆಕೆ ಅದನ್ನು ತಿರುಗಿಸಿ, ಹಿಂಬದಿಯಲ್ಲಿ ಪೆನ್ನಿನಿಂದ ತನ್ನ ಪಟ್ಟಿ ಬರೆದುಕೊಂಡು ಹೋದಳು.

ಈಗ ನನ್ನ ಸಿಟ್ಟಿನ ಇನ್ನೊಂದು ಅರ್ಧ. ಇಷ್ಟು ಹೊಗಳಿದ ಈ ಕಮಾಂಡುಗಳಿಗೆ ಕನ್ನಡ ಕೊಟ್ಟು ನೋಡಿ. ನನ್ನ ಕಂಪ್ಯೂಟರಿನ ಫೋಲ್ಡ್ ಎಣಿಸುವುದು ಅಕ್ಷರಗಳನ್ನಲ್ಲ, ಅವನ್ನು ಯಂತ್ರ ಕೂಡಿಡುವ ಬೈಟ್ ಎಂಬ ತುಣುಕುಗಳನ್ನು. ಯೂನಿಕೋಡ್ ಬರಹವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಲಕ್ಷ್ಮೀ’ ಎಂದು ಬರೆಯಿರಿ: ನಮ್ಮ ಕಣ್ಣಿಗೆ ಎರಡು ಅಕ್ಷರ, ಒತ್ತು, ದೀರ್ಘ ಎಲ್ಲ ಬಿಡಿಸಿದರೆ 7 ಸಂಕೇತ, ಯಂತ್ರಕ್ಕೆ 21 ಬೈಟ್. 72 ಎಂದು ಅಗಲ ಕೊಟ್ಟರೆ ಮೂರು ಮಂದಿ ಲಕ್ಷ್ಮಿಯರು ಒಂದು ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಜಾಗ ಮುಗಿಯುತ್ತದೆ. ಕೆಲವೊಮ್ಮೆ ಸಂಕೇತದ ಮಧ್ಯಕ್ಕೇ ಕತ್ತರಿ ಬಿದ್ದು ಪ್ರಶ್ನಾರ್ಥಕ ಚಿಹ್ನೆಗಳು ಉದುರುತ್ತವೆ. ಟೆಕ್ಸ್ಟನ್ನು ಅಚ್ಚಿಗೆ ಸಿದ್ಧಪಡಿಸುವ ಎನ್‌ಸ್ಕ್ರಿಪ್ಟ್ ಎಂಬ ಕಮಾಂಡ್ ಅಂತೂ ಯುಟಿಎಫ್-8 ಎಂದರೆ ಮುಖ ತಿರುಗಿಸುತ್ತದೆ.

ಬೀದಿಯ ಗಣಪತಿಗೆ ದೇಣಿಗೆ ಕೊಟ್ಟವರ ಪಟ್ಟಿಯನ್ನು ಪಿಆರ್‌ನಲ್ಲಿ ಮೂರು ಕಾಲಂ ಮಾಡಲು ಹೋದಾಗ ಹೆಸರುಗಳೆಲ್ಲ ಅಂಕುಡೊಂಕಾಗಿ ನಿಂತವು, ಉದ್ದದ ಹೆಸರುಗಳ ಬಾಲ ಕತ್ತರಿಸಿಹೋಯಿತು. ದೇಣಿಗೆ ಕೊಟ್ಟವನ ಹೆಸರಿನ ಬಾಲ ಕತ್ತರಿಸುವುದು ನಮ್ಮ ದಾವಣಗೆರೆಯಲ್ಲಿ ಸಣ್ಣ ಅಪರಾಧವಲ್ಲ. ಕೊನೆಗೆ ಕೈ ಹಿಡಿದದ್ದು ಅಚ್ಚಿಗೆ ಸಿದ್ಧಪಡಿಸುವ ಅದೇ ಕೆಲಸದ ಪ್ಯಾಪ್ಸ್ ಎಂಬ ಕಮಾಂಡ್. ಅದು ಪ್ಯಾಂಗೋ ಎಂಬ ತಂತ್ರಾಂಶ ಬಳಸಿ ಅಕ್ಷರ ಜೋಡಿಸುವುದರಿಂದ ಒತ್ತಕ್ಷರ ಒಡೆಯುವುದಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್ ಹೇಳಿ, ಕಾಗದ ಎ4 ಎಂದು ಹೇಳಿ, ಕಾಲಂ ಎರಡು ಎಂದರೆ ಸಾಕು.

ಹಾಗಾಗಿ, ಗಣಪತಿ ಸಮಿತಿಯ ಗೆಳೆಯರೇ, ಈ ಬಾರಿಯ ಪಟ್ಟಿಯನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ, ಸಾಲಿಗೊಂದು ಹೆಸರಿನಂತೆ, ಯೂನಿಕೋಡ್‌ನಲ್ಲಿ ಕಳುಹಿಸಿ. ಪುಟ ನಾನು ಕಟ್ಟುತ್ತೇನೆ. ವರ್ಡ್ ಫೈಲ್ ಕಳುಹಿಸಿದವರ ಹೆಸರು ಪಟ್ಟಿಯ ಕೊನೆಯ ಹಾಳೆಯಲ್ಲಿ, ಒಂಟಿಯಾಗಿ ಬರುತ್ತದೆ.