ಒಲೆಯ ಮೂರು ಗುಂಡು: ಒಬಾಮಾಕೇರ್ ರದ್ದತಿಯ ರಾಜಕಾರಣದ ಬಗ್ಗೆ

ಅಮೆರಿಕದ 2010ರ ಆರೋಗ್ಯ ವಿಮೆ ಕಾನೂನು ಒಬಾಮಾಕೇರ್ ಉಳಿದದ್ದು ಯಾರಿಂದ ಅಂತ ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್. 2017ರ ಜುಲೈ 28ರಂದು ನಡುರಾತ್ರಿ ಕಳೆದು ಒಂದೂವರೆ ಗಂಟೆ. ಆಪರೇಷನ್ನಿನ ಗಾಯ ಕಣ್ಣಿನ ಮೇಲೆ ಇನ್ನೂ ಮಾಸಿರಲಿಲ್ಲ. ಅವರು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಲಗೈ ಚಾಚಿ ಹೆಬ್ಬೆರಳು ಕೆಳಗೆ ಮಾಡಿದ ವಿಡಿಯೋ ಜಗತ್ತೇ ನೋಡಿದೆ. ರದ್ದತಿ ಮಸೂದೆ 49–51ರಲ್ಲಿ ಬಿತ್ತು.

ಆದರೆ ಮೂರು ದಿನ ಮುಂಚೆ, ಚರ್ಚೆಗೆ ಬಾಗಿಲು ತೆರೆಯುವ ಮತದಲ್ಲಿ ಇದೇ ಮೆಕೇನ್ ಹೌದು ಅಂದಿದ್ದರು. ಆವತ್ತು 50–50 ಆಗಿ, ಉಪಾಧ್ಯಕ್ಷ ಮೈಕ್ ಪೆನ್ಸ್ ಮತ ಹಾಕಿ ಗೆಲ್ಲಿಸಿದರು. ಎರಡೂ ಸಲ ಬೇಡ ಅಂದ ರಿಪಬ್ಲಿಕನ್ನರು ಇಬ್ಬರೇ: ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಮತ್ತು ಅಲಾಸ್ಕಾದ ಲೀಸಾ ಮರ್ಕೌಸ್ಕಿ. ಸ್ವಂತ ಪಕ್ಷದ ಅಧ್ಯಕ್ಷ ಟ್ರಂಪ್ ಬಹಿರಂಗವಾಗಿ ಒತ್ತಡ ಹಾಕುತ್ತಿದ್ದರೂ ಅವರು ಮೊದಲಿನಿಂದ ಕೊನೆಯವರೆಗೆ ಒಂದೇ ಮಾತಿಗೆ ನಿಂತರು. ನಾಯಕತ್ವ ಅಂತ ಹೊಗಳುವುದಿದ್ದರೆ ಮೊದಲ ಹೊಗಳಿಕೆ ಆ ಇಬ್ಬರು ಹೆಣ್ಣುಮಕ್ಕಳಿಗೆ ಸಲ್ಲಬೇಕು.

ಆ ರಾತ್ರಿಯ ಮಸೂದೆ ಎಂಟೇ ಪುಟ. ಸದಸ್ಯರ ಕೈಗೆ ಬಂದದ್ದು ರಾತ್ರಿ ಹತ್ತರ ಸುಮಾರಿಗೆ. ಅದೇ ಸಂಜೆ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ, ಮೆಕೇನ್ ಮತ್ತಿತರರು ಪತ್ರಿಕಾಗೋಷ್ಠಿ ಕರೆದು, ಈ ಮಸೂದೆಯನ್ನು ಕೆಳಮನೆ ಹೀಗೇ ಕಾನೂನು ಮಾಡುವುದಿಲ್ಲ ಅಂತ ಭರವಸೆ ಕೊಟ್ಟರೆ ಮಾತ್ರ ಮತ ಹಾಕುತ್ತೇವೆ ಅಂದಿದ್ದರು. ಕಾನೂನಾಗಬಾರದು ಅಂತ ಷರತ್ತು ಹಾಕಿ ಮಸೂದೆ ಪಾಸು ಮಾಡಲು ಹೊರಟಿದ್ದರು! ಏಳು ವರ್ಷ "ಕಿತ್ತು ಹಾಕಿ ಇದಕ್ಕಿಂತ ಒಳ್ಳೆಯದು ತರುತ್ತೇವೆ" ಅಂತ ಹೇಳಿ ನಾಲ್ಕು ಚುನಾವಣೆಗಳಲ್ಲಿ ಕೆಳಮನೆ ಗೆದ್ದ ಪಕ್ಷ ಬಂದು ಮುಟ್ಟಿದ ಸ್ಥಿತಿ ಅದು.

ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಕಾನೂನಿನ ಒಳಜೋಡಣೆ ನೋಡಬೇಕು. ಅಮೆರಿಕದವರು ಮೂರು ಕಾಲಿನ ಸ್ಟೂಲ್ ಅನ್ನುತ್ತಾರೆ. ನಮಗೆ ಒಲೆಯ ಮೂರು ಗುಂಡು ಅಂದರೆ ಬೇಗ ಅರ್ಥವಾಗುತ್ತದೆ.

ಮೊದಲ ಗುಂಡು: ಯಾವ ಕಾಯಿಲೆ ಇದ್ದರೂ ವಿಮೆ ನಿರಾಕರಿಸುವಂತಿಲ್ಲ, ಕಾಯಿಲೆಯ ಕಾರಣಕ್ಕೆ ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ. ವಯಸ್ಸಾದವರಿಗೆ ಯುವಕರ ಮೂರು ಪಟ್ಟಿಗಿಂತ ಹೆಚ್ಚಿಲ್ಲ, ತಂಬಾಕು ಸೇವಿಸುವವರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚಿಲ್ಲ. ಅದಕ್ಕೆ ಮುಂಚೆ ಹೆಚ್ಚಿನ ರಾಜ್ಯಗಳಲ್ಲಿ ಸ್ವಂತವಾಗಿ ಪಾಲಿಸಿ ಕೊಳ್ಳಲು ಹೋದವರನ್ನು ಸಕ್ಕರೆ ಕಾಯಿಲೆ, ಹಳೆಯ ಕ್ಯಾನ್ಸರ್ ಅಂತ ಬಾಗಿಲಲ್ಲೇ ವಾಪಸ್ ಕಳಿಸಬಹುದಿತ್ತು. ಆದರೆ ಈ ಗುಂಡು ಒಂದನ್ನೇ ಇಟ್ಟರೆ ಜನ ಕಾಯಿಲೆ ಬಿದ್ದ ಮೇಲಷ್ಟೇ ವಿಮೆ ಮಾಡಿಸುತ್ತಾರೆ, ಪ್ರೀಮಿಯಂ ಏರುತ್ತದೆ, ಗಟ್ಟಿಮುಟ್ಟಾದವರು ಬಿಟ್ಟು ಹೋಗುತ್ತಾರೆ, ಮತ್ತೆ ಏರುತ್ತದೆ. ಅದಕ್ಕೇ ಎರಡನೇ ಗುಂಡು: ಎಲ್ಲರೂ ವಿಮೆ ಹೊಂದಿರಲೇಬೇಕು, ಇಲ್ಲದಿದ್ದರೆ ದಂಡ. ಕೊನೆಗೆ ಅದು ತಲೆಗೆ 695 ಡಾಲರ್ ಅಥವಾ ಆದಾಯದ 2.5%, ಯಾವುದು ಹೆಚ್ಚೋ ಅದು. ಕೊಳ್ಳಲೇಬೇಕು ಅಂದಮೇಲೆ ಕೊಳ್ಳಲಾಗದವರಿಗೆ ನೆರವು ಬೇಕಲ್ಲ, ಆ ಸಬ್ಸಿಡಿಯೇ ಮೂರನೇ ಗುಂಡು.

ಒಂದನ್ನು ಕಿತ್ತರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲೇ ಹಳೆಯ ಪಾಠವಿತ್ತು. ವಾಷಿಂಗ್ಟನ್ ರಾಜ್ಯ 1993ರಲ್ಲಿ ಇಂಥದ್ದೇ ಕಾನೂನು ಮಾಡಿ, 1995ರಲ್ಲಿ ಕಡ್ಡಾಯವನ್ನು ತೆಗೆದು, ನಿರಾಕರಿಸುವಂತಿಲ್ಲ ಅನ್ನುವುದನ್ನು ಮಾತ್ರ ಉಳಿಸಿಕೊಂಡಿತು. 1999ರ ಹೊತ್ತಿಗೆ ಬಹುಪಾಲು ಕೌಂಟಿಗಳಲ್ಲಿ ಸ್ವಂತಕ್ಕೆ ಹೊಸ ಪಾಲಿಸಿ ಕೊಳ್ಳುತ್ತೇನೆ ಅಂದರೆ ಮಾರುವ ಕಂಪನಿಯೇ ಇರಲಿಲ್ಲ.

2017ರಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಮತ್ತು ಕೆಳಮನೆಯ ಸ್ಪೀಕರ್ ಪಾಲ್ ರಯಾನ್ ಹಿಡಿದ ದಾರಿ ರಿಕನ್ಸಿಲಿಯೇಷನ್. ಸೆನೆಟ್‌ನಲ್ಲಿ ಸಾಮಾನ್ಯವಾಗಿ ಬೇಕಾದ 60 ಮತದ ಬದಲು ಸರಳ ಬಹುಮತದಲ್ಲಿ ಮುಗಿಸುವ ಬಜೆಟ್ ದಾರಿ ಅದು. ಆದರೆ ಅದರಲ್ಲಿ ಸರ್ಕಾರದ ಖರ್ಚು ಮತ್ತು ವರಮಾನಕ್ಕೆ ಸಂಬಂಧಿಸಿದ್ದನ್ನು ಮಾತ್ರ ಮುಟ್ಟಬಹುದು. ಬರ್ಡ್ ನಿಯಮ ಅಂತ ಅದಕ್ಕೆ ಹೆಸರು. ದಂಡ ವರಮಾನ, ಸಬ್ಸಿಡಿ ಖರ್ಚು, ಹಾಗಾಗಿ ಎರಡನೆಯ ಮತ್ತು ಮೂರನೆಯ ಗುಂಡಿಗೆ ಕೈ ಹಾಕಬಹುದು. ಮೊದಲನೆಯದು ವಿಮಾ ಕಂಪನಿಗಳ ಮೇಲಿನ ನಿಯಮ, ಅದನ್ನು ಅಲುಗಿಸುವುದು ಕಷ್ಟ. ಅಂದರೆ ಆ ದಾರಿಯಲ್ಲಿ ಒಲೆ ಒಡೆಯಬಹುದಿತ್ತು, ಬೇರೆ ಒಲೆ ಹೂಡಲು ಆಗುತ್ತಿರಲಿಲ್ಲ. ಇದು ಇಬ್ಬರು ನಾಯಕರಿಗೂ ಚೆನ್ನಾಗಿ ಗೊತ್ತಿತ್ತು. ಮತದಾರರಿಗೆ ಹೇಳಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ಲೆಕ್ಕ ಹೇಳಿದ್ದು ಸಂಸತ್ತಿನದೇ ಬಜೆಟ್ ಕಚೇರಿ, ಸಿಬಿಒ. ರಯಾನ್ ಅವರ ಮೊದಲ ಮಸೂದೆ ಜಾರಿಯಾದರೆ 2026ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ 2.4 ಕೋಟಿಯಷ್ಟು ಹೆಚ್ಚುತ್ತದೆ ಅಂತ ಅದು ಅಂದಾಜು ಮಾಡಿತು. ಆ ಎಂಟು ಪುಟದ ಮಸೂದೆಗೆ 1.6 ಕೋಟಿ, ಜೊತೆಗೆ ಪ್ರೀಮಿಯಂ ಸುಮಾರು 20% ಏರಿಕೆ. ಬದಲಿ ಯೋಜನೆ ಇಲ್ಲದೆ ಬರೀ ರದ್ದು ಮಾಡಿದರೆ ಹತ್ತು ವರ್ಷದಲ್ಲಿ 3.2 ಕೋಟಿ.

ಡೆಮಾಕ್ರಾಟರೂ ಪೂರ್ತಿ ಸತ್ಯ ಹೇಳಿರಲಿಲ್ಲ. "ನಿಮ್ಮ ಪಾಲಿಸಿ ಇಷ್ಟವಿದ್ದರೆ ಇಟ್ಟುಕೊಳ್ಳಬಹುದು" ಅಂತ ಒಬಾಮಾ ಮತ್ತೆ ಮತ್ತೆ ಹೇಳಿದ್ದು ಸುಳ್ಳಾಯಿತು. 2013ರಲ್ಲಿ ಲಕ್ಷಾಂತರ ಜನರಿಗೆ ಪಾಲಿಸಿ ರದ್ದಾದ ನೋಟಿಸ್ ಬಂತು, ಒಬಾಮಾ ಟಿವಿಯಲ್ಲಿ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ವಿಮೆ ಕೊಳ್ಳಲೆಂದು ತೆರೆದ ವೆಬ್‌ಸೈಟ್ ಮೊದಲ ದಿನವೇ ಕುಸಿಯಿತು. ಕಾನೂನಿನ ಮೇಲಿನ ಅಪನಂಬಿಕೆಗೆ ಈ ಎರಡರ ಪಾಲು ದೊಡ್ಡದು. ಆದರೆ 2010ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಉಪಚುನಾವಣೆ ಸೋತು ಸೆನೆಟ್‌ನ 60ನೇ ಮತ ಕೈತಪ್ಪಿದಾಗ, ಸಣ್ಣ ಮಸೂದೆಗೆ ಇಳಿಯೋಣ ಅಂದವರ ಮಾತಿಗೆ ಒಪ್ಪದೆ ಸ್ಪೀಕರ್ ನ್ಯಾನ್ಸಿ ಪೆಲೋಸಿ ಪೂರ್ತಿ ಕಾನೂನನ್ನೇ 219–212ರಲ್ಲಿ ದಾಟಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಅವರ ಪಕ್ಷ ಕೆಳಮನೆಯನ್ನೇ ಕಳೆದುಕೊಂಡಿತು. ಬೆಲೆ ತೆರಬೇಕಾಗುತ್ತದೆ ಅಂತ ಗೊತ್ತಿದ್ದೂ ಮಾಡಿದ ಕೆಲಸ ಅದು.

ಇನ್ನು ಈಗಿನ ವಿಷಯ. ರದ್ದತಿ ಮುಗಿದ ಕಥೆ ಅಂದುಕೊಂಡವರು ದಯವಿಟ್ಟು ಇಲ್ಲಿಂದ ನಿಧಾನವಾಗಿ ಓದಿ.

2017ರ ಡಿಸೆಂಬರ್‌ನ ತೆರಿಗೆ ಕಾನೂನು ದಂಡವನ್ನು ಸೊನ್ನೆ ಮಾಡಿತು, 2019ರಿಂದ ಜಾರಿ. ಎರಡನೇ ಗುಂಡು ಹೋಯಿತು. ಮಾರುಕಟ್ಟೆ ಕುಸಿಯುತ್ತದೆ ಅಂತ ಹಲವರು ಹೆದರಿದ್ದರು, ಕುಸಿಯಲಿಲ್ಲ. ಕಾರಣ ಸಬ್ಸಿಡಿಯ ಲೆಕ್ಕಾಚಾರ. ಜನ ತಮ್ಮ ಆದಾಯದ ಇಂತಿಷ್ಟು ಶೇಕಡಾ ಕಟ್ಟುತ್ತಾರೆ, ಆ ಊರಿನ ಎರಡನೇ ಅಗ್ಗದ ಸಿಲ್ವರ್ (ನಡುಮಟ್ಟದ) ಪ್ಲಾನಿನ ಬೆಲೆಯವರೆಗೆ ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಪ್ರೀಮಿಯಂ ಏರಿದರೂ ಸಬ್ಸಿಡಿ ಇದ್ದವರ ಕೈಖರ್ಚು ಹೆಚ್ಚು ಕದಲುವುದಿಲ್ಲ. 2021ರಿಂದ ಸಬ್ಸಿಡಿ ಇನ್ನೂ ಹೆಚ್ಚಾಯಿತು, ಯಾರೂ ಆದಾಯದ 8.5%ಗಿಂತ ಹೆಚ್ಚು ಕಟ್ಟಬೇಕಿಲ್ಲ ಅನ್ನುವ ಮಿತಿ ಬಂತು. 2025ಕ್ಕೆ ನೋಂದಾಯಿಸಿಕೊಂಡವರು ಸುಮಾರು 2.4 ಕೋಟಿ. ಪಾತ್ರೆಯ ಭಾರವೆಲ್ಲ ಮೂರನೇ ಗುಂಡಿನ ಮೇಲೆ ಬಿದ್ದಿತ್ತು.

ಆ ಹೆಚ್ಚುವರಿ ಸಬ್ಸಿಡಿ 2025ರ ಕೊನೆಗೆ ಮುಗಿಯಿತು. ಅದನ್ನು ಮುಂದುವರಿಸಬೇಕು ಅನ್ನುವ ಜಗಳದಲ್ಲೇ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಸ್ತಬ್ಧವಾಗಿತ್ತು. ಸಬ್ಸಿಡಿ ಸಿಗದೆಯೇ ಸರ್ಕಾರ ಮತ್ತೆ ತೆರೆಯಿತು.

ಪರಿಣಾಮ ಕೈಲೆಕ್ಕದಲ್ಲಿ ನೋಡಿ. ಹಳೆಯ ನಿಯಮ ಮರಳಿದ್ದರಿಂದ ಬಡತನ ರೇಖೆಯ 400% ದಾಟಿದವರಿಗೆ ಸಬ್ಸಿಡಿಯೇ ಇಲ್ಲ. 2026ರ ಪಾಲಿಸಿಗೆ ಒಬ್ಬರೇ ಇದ್ದರೆ ಆ ಗೆರೆ 62,600 ಡಾಲರ್, ನಾಲ್ವರ ಕುಟುಂಬಕ್ಕೆ 1,28,600. ಅರವತ್ತು ವಯಸ್ಸಿನ ಒಬ್ಬರಿಗೆ ತಿಂಗಳ ಪ್ರೀಮಿಯಂ 1,200 ಡಾಲರ್ ಅಂತಿಟ್ಟುಕೊಳ್ಳಿ. ಆದಾಯ ಗೆರೆಯ ಮೇಲೇ ನಿಂತರೆ ಅವರ ಪಾಲು 9.96%, ವರ್ಷಕ್ಕೆ ಸುಮಾರು 6,235 ಡಾಲರ್. ನೂರು ಡಾಲರ್ ಹೆಚ್ಚು ದುಡಿದರೆ ಪೂರ್ತಿ 14,400. ಆ ನೂರು ಡಾಲರ್‌ನ ಬೆಲೆ ಎಂಟು ಸಾವಿರಕ್ಕೂ ಮೇಲೆ. ಇನ್ನೊಂದು ಅಪಾಯವೂ ಇದೆ. ಮುಂಗಡವಾಗಿ ಪಡೆದ ಸಬ್ಸಿಡಿ ಅರ್ಹತೆಗಿಂತ ಹೆಚ್ಚಾದರೆ, ಕಡಿಮೆ ಆದಾಯದವರು ವಾಪಸ್ ಕಟ್ಟಬೇಕಾದ ಮೊತ್ತಕ್ಕೆ ಮೊದಲು ಮಿತಿ ಇತ್ತು. 2026ರ ತೆರಿಗೆ ವರ್ಷದಿಂದ ಆ ಮಿತಿ ಇಲ್ಲ, ಅಷ್ಟನ್ನೂ ಕಟ್ಟಬೇಕು. ವರ್ಷದ ಕೊನೆಯ ಬೋನಸ್ಸೋ ಷೇರು ಮಾರಿದ ಲಾಭವೋ ಗೆರೆ ದಾಟಿಸಿದರೆ 8962 ನಂಬರಿನ ಫಾರ್ಮ್ ತುಂಬುವಾಗ ಗೊತ್ತಾಗುತ್ತದೆ. ಆದಾಯ ಬದಲಾದ ತಿಂಗಳಲ್ಲೇ ವಿಮೆ ಕೊಂಡ ಸರ್ಕಾರಿ ತಾಣ ಮಾರ್ಕೆಟ್‌ಪ್ಲೇಸ್‌ಗೆ ತಿಳಿಸಿ. ಗೆರೆಯ ಹತ್ತಿರ ಇರುವವರು ಅರ್ಹತೆ ಇದ್ದರೆ ನಿವೃತ್ತಿ ಉಳಿತಾಯದ ಖಾತೆಯಾದ ಸಾಂಪ್ರದಾಯಿಕ ಐಆರ್‌ಎ ಅಥವಾ ಚಿಕಿತ್ಸೆ ಖರ್ಚಿನ ಉಳಿತಾಯ ಖಾತೆಯಾದ ಎಚ್‌ಎಸ್‌ಎಗೆ ಹಣ ಹಾಕಿದರೆ ಲೆಕ್ಕಕ್ಕೆ ಬರುವ ಆದಾಯ ಇಳಿಯುತ್ತದೆ.

ಅಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ಕಂಪನಿಯ ವಿಮೆ ಇದೆ, ಇದು ನಮಗೆ ಸಂಬಂಧಿಸಿದ್ದಲ್ಲ ಅನ್ನಿಸಬಹುದು. ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡ ಅಪ್ಪ ಅಮ್ಮನ ವಿಷಯ ನೋಡಿ. ಅಲ್ಲಿ ದುಡಿದ ದಾಖಲೆ ಇಲ್ಲದವರಿಗೆ 65 ತುಂಬಿದ್ದರೂ ಐದು ವರ್ಷ ಸತತ ವಾಸ ಆಗುವವರೆಗೆ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಸಿಗುವುದಿಲ್ಲ, ಬಡವರ ಸರ್ಕಾರಿ ವಿಮೆ ಮೆಡಿಕೇಡ್‌ಗೂ ಸಾಮಾನ್ಯವಾಗಿ ಐದು ವರ್ಷದ ತಡೆ. ಅಲ್ಲಿಯವರೆಗೆ ಒಬಾಮಾಕೇರ್ ಪ್ಲಾನೇ ಮುಖ್ಯ ಆಸರೆ. ಆದಾಯ ಬಡತನ ರೇಖೆಗಿಂತ ಕೆಳಗಿದ್ದರೂ ಇಂಥವರಿಗೆ ಸಬ್ಸಿಡಿ ಕೊಡುವ ವಿಶೇಷ ನಿಯಮವಿತ್ತು. 2025ರ ಜುಲೈ 4ರ ಕಾನೂನು ಅದನ್ನು 2026ರಿಂದ ತೆಗೆಯಿತು. ಮಗನೋ ಮಗಳೋ ತೆರಿಗೆಯಲ್ಲಿ ಅವಲಂಬಿತರು ಅಂತ ತೋರಿಸಿದ್ದರೆ ಮಕ್ಕಳ ಆದಾಯವೇ ಲೆಕ್ಕಕ್ಕೆ ಬರುತ್ತದೆ, ಆಗ ಗೆರೆ ದಾಟುವುದು ಸುಲಭ. 2027ರಿಂದ ಎಚ್‌-1ಬಿ ವೀಸಾದವರಿಗೂ ಸಬ್ಸಿಡಿ ಇಲ್ಲ. ಕೆಲಸ ಹೋಗಿ ಕಂಪನಿ ವಿಮೆ ನಿಂತರೆ 60 ದಿನದೊಳಗೆ ಹೊಸ ಪ್ಲಾನ್ ಆರಿಸಬೇಕು, ಇಲ್ಲವೇ ಪೂರ್ತಿ ಪ್ರೀಮಿಯಂನ 102% ಕಟ್ಟಿ ಹಳೆಯ ಕಂಪನಿಯ ವಿಮೆಯನ್ನೇ ಕೋಬ್ರಾ ಅನ್ನುವ ನಿಯಮದಡಿ ಮುಂದುವರಿಸಬೇಕು.

ಜುಲೈ 4ರ ಅದೇ ಕಾನೂನಿನ ಇನ್ನೊಂದು ಕಲಮು: ಒಬಾಮಾಕೇರ್ ಮಾಡಿದ ಮೆಡಿಕೇಡ್ ವಿಸ್ತರಣೆಯಲ್ಲಿ ಬಂದ ವಯಸ್ಕರು, ವಿನಾಯಿತಿ ಇಲ್ಲದಿದ್ದರೆ, ತಿಂಗಳಿಗೆ 80 ಗಂಟೆ ದುಡಿದದ್ದಕ್ಕೋ ಓದಿದ್ದಕ್ಕೋ ಲೆಕ್ಕ ತೋರಿಸಬೇಕು. ಅರ್ಕನ್ಸಾ ರಾಜ್ಯ 2018ರಲ್ಲಿ ಇದನ್ನೇ ಮಾಡಿತ್ತು. ವರದಿಯನ್ನು ಆನ್‌ಲೈನ್‌ನಲ್ಲೇ ಕೊಡಬೇಕು ಅಂತ ಶುರುಮಾಡಿದರು, ಆ ವೆಬ್‌ಸೈಟ್ ದಿನಾ ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲೆಲ್ಲ ದುಡಿದು ರಾತ್ರಿ ಮನೆಗೆ ಬಂದವನು ದುಡಿದಿದ್ದೇನೆ ಅಂತ ಹೇಳಲು ಬಾಗಿಲೇ ಇಲ್ಲ. ಕೋರ್ಟ್ ತಡೆಯುವ ಹೊತ್ತಿಗೆ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡಿದ್ದರು. ರದ್ದತಿ ಅನ್ನುವ ಪದ ಎಲ್ಲೂ ಇಲ್ಲ, ಯಾರೂ ಹೆಬ್ಬೆರಳು ಎತ್ತಬೇಕಿಲ್ಲ, ಇಳಿಸಬೇಕಿಲ್ಲ.

ಈ 80 ಗಂಟೆಯ ನಿಯಮಕ್ಕೆ ದೇಶಕ್ಕೆಲ್ಲ ಇಟ್ಟಿರುವ ಗಡುವು 2027ರ ಜನವರಿ 1. ಸಂಸತ್ತಿನ ಮಧ್ಯಂತರ ಚುನಾವಣೆ ಇರುವುದು 2026ರ ನವೆಂಬರ್ 3ಕ್ಕೆ.