ಎಲ್ಲಿ ಕೊಡು, ನೋಡೋಣ

ಮಕ್ಕಳ ಬಿಲ್ಲು ಮಕ್ಕಳ ಕೈಯಲ್ಲಿ ಮುರಿಯುವುದು ಅಪರೂಪ. ಅದನ್ನು ಮುರಿಯುವವರು ದೊಡ್ಡವರು. ಅದೂ ಮನೆಗೆ ಬಂದ ದೊಡ್ಡವರು. ಕೂತು, ಕುಶಲ ವಿಚಾರಿಸಿ, ಅತ್ತಿತ್ತ ಕಣ್ಣಾಡಿಸುತ್ತಾರೆ. ಮೂಲೆಯಲ್ಲಿ ಒರಗಿಸಿಟ್ಟ ಬಿಲ್ಲು ಕಂಡ ಕೂಡಲೇ ಅವರ ಕೈಗೆ ಏನೋ ಆಗುತ್ತದೆ. "ಎಲ್ಲಿ ಕೊಡು ಮರಿ, ನೋಡೋಣ" ಅನ್ನುತ್ತಾರೆ. ಮರಿ ಕೊಡುತ್ತದೆ. ದೊಡ್ಡವರು ಕೇಳಿದರೆ ಕೊಡಬೇಕು ಅಂತ ನಾವೇ ಹೇಳಿಕೊಟ್ಟಿರುತ್ತೇವಲ್ಲ. ನೋಡೋಣ ಅಂದವರು ನೋಡುವುದಿಲ್ಲ. ಎಳೆಯುತ್ತಾರೆ.

ಮೊನ್ನೆ ನಮ್ಮ ಷಡ್ಡಕರು ಎಳೆದರು. ಎಡಗೈ ಚಾಚಿ, ಎದೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಹೆದೆಯನ್ನು ಕಿವಿಯ ತನಕ ತಂದರು. "ಪರವಾಗಿಲ್ವೇ, ಚೆನ್ನಾಗೇ ಮಾಡಿದೀರಿ" ಅನ್ನುವಷ್ಟರಲ್ಲಿ ಬಿಲ್ಲು ಟಕ್ ಅಂತು. ಮೇಲಿನ ಅರ್ಧ ಸೀಳಿ, ನಾರು ಕಿತ್ತುಕೊಂಡು, ಹೆದೆಗೆ ನೇತುಬಿತ್ತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಈಗ ನಿಜವಾಗಿಯೂ ನೋಡಿದರು. "ಮರಾನೇ ಸರಿ ಇಲ್ಲ ಅನ್ಸುತ್ತೆ" ಅಂದರು.

ಮರ ಸರಿ ಇಲ್ಲವಂತೆ! ದೊಡ್ಡವರ ಕೈಗೆ ಬಿಲ್ಲು ಸಿಕ್ಕರೆ ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಿದ್ಧಾಂತವೇ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮರದ ಮಾನ ಉಳಿಸಬೇಕು.

ಟಿಂಬರ್ ಅಂಗಡಿಯಲ್ಲಿ ಹಲಗೆಯ ರಾಶಿಯನ್ನು ತಿರುವಿ ಹಾಕುವ ಗಿರಾಕಿಯನ್ನು ಯಾರೂ ಇಷ್ಟಪಡುವುದಿಲ್ಲ. ಬೇರೆಯವರು ಉದ್ದ ಅಗಲ ಹೇಳಿ, ದುಡ್ಡು ಕೊಟ್ಟು, ಹೊತ್ತುಕೊಂಡು ಹೋಗುತ್ತಾರೆ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ಗೆರೆ ನೋಡುತ್ತೇನೆ. ಆಶ್, ಮೇಪಲ್, ಹಿಕರಿ, ಓಕ್, ಯಾವ ಗಟ್ಟಿಮರವಾದರೂ ಆಗಲಿ, ಜಾತಿಗಿಂತ ಗೆರೆ ಮುಖ್ಯ. ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗಬೇಕು. ನಡುವೆ ಎಲ್ಲೋ ಓರೆಯಾಗಿ ಅಂಚಿನಿಂದ ಆಚೆಗೆ ಜಾರಿದರೆ, ಬಿಲ್ಲು ಒಂದಲ್ಲ ಒಂದು ದಿನ ಅಲ್ಲೇ ಸೀಳುತ್ತದೆ. ಅಗಲದ ಮುಖ ನೋಡಿದರೆ ಸಾಲದು, ಪಕ್ಕವನ್ನೂ ನೋಡಬೇಕು. ಮುಖದಲ್ಲಿ ಸಾಧುವಾಗಿ ಕಾಣುವ ಎಷ್ಟೋ ಹಲಗೆಗಳು ಪಕ್ಕದಲ್ಲಿ ಕೈಕೊಡುತ್ತವೆ. ಗಂಟು ಇದ್ದರಂತೂ ಮುಟ್ಟುವುದೇ ಬೇಡ. ಇಷ್ಟೆಲ್ಲ ಆಗಿ, ರಾಶಿಯ ತಳದಿಂದ ಒಂದೇ ಒಂದು ಹಲಗೆ ಎಳೆದು ತಂದರೆ ಅಂಗಡಿಯವನು ಕೇಳುತ್ತಾನೆ: "ಇಷ್ಟೇನಾ?" ಹೌದಪ್ಪ, ಇಷ್ಟೇ.

ಇನ್ನು ಲೆಕ್ಕ. ಏಳೆಂಟು ವರ್ಷದ ಮಗುವಿಗೆ 4 ಅಡಿ ಉದ್ದದ ಬಿಲ್ಲು ಸಾಕು. ಆ ವಯಸ್ಸಿನ ಕೈ ಹೆದೆಯನ್ನು ಹೆಚ್ಚೆಂದರೆ 18 ಇಂಚಿನ ಆಸುಪಾಸು ಎಳೆಯುತ್ತದೆ. ದೊಡ್ಡವರ ಎಳೆತ 28 ಇಂಚಿನ ಹತ್ತಿರ. ಉದ್ದಕ್ಕೂ ಬಾಗುವ ಮರದ ಬಿಲ್ಲು ಎಳೆತದ ಎರಡರಷ್ಟಕ್ಕಿಂತ ಒಂದಿಷ್ಟು ಜಾಸ್ತಿ ಉದ್ದ ಇರಬೇಕು ಅನ್ನುವುದು ಬಿಲ್ಲು ಮಾಡುವವರ ರೂಢಿ. ಹದಿನೆಂಟೆರಡಲಿ ಮೂವತ್ತಾರು, 48 ಇಂಚಿನ ಬಿಲ್ಲು ನಿರಾಳ. ಇಪ್ಪತ್ತೆಂಟೆರಡಲಿ ಐವತ್ತಾರು, ಅದೇ ಬಿಲ್ಲಿನ ಕಥೆ ಮುಗಿಯಿತು. ಮಗುವಿನ ಕೈ ಗಿಡ್ಡಗಿರುವುದೇ ಆ ಬಿಲ್ಲಿಗೆ ರಕ್ಷೆ. ಇದನ್ನು ಷಡ್ಡಕರಿಗೆ ವಿವರಿಸಿದೆ. ಅವರು ಫೋನ್ ನೋಡುತ್ತಿದ್ದರು.

ಆಗ ನನಗೆ ಮಿಥಿಲೆಯ ನೆನಪಾಯಿತು. ಅಲ್ಲಿ ಆದದ್ದೂ ಇದೇ ಅಲ್ವಾ?

ನೀವೇ ನೋಡಿ. ಜನಕನ ಮನೆಯಲ್ಲಿ ಒಂದು ಬಿಲ್ಲು. ತಲೆತಲಾಂತರದಿಂದ ಬಂದದ್ದು. ಸೀತೆ ಚಿಕ್ಕವಳಿದ್ದಾಗ ಆಡುತ್ತಾ ಆಡುತ್ತಾ ಅದನ್ನು ಪಕ್ಕಕ್ಕೆ ಸರಿಸಿದಳು ಅಂತ ಜನ ಕಥೆ ಹೇಳುತ್ತಾರೆ. ಅಂದರೆ ಮಗು ಮುಟ್ಟಿತ್ತು. ಏನೂ ಆಗಿರಲಿಲ್ಲ. ಆಮೇಲೆ ಮನೆಗೆ ಬಂದವರು ಕೇಳಿದರು. ವಿಶ್ವಾಮಿತ್ರರು ಜನಕನಿಗೆ ಹೇಳಿದ್ದು ಏನು? ಈ ಹುಡುಗರಿಗೆ ಆ ಬಿಲ್ಲು ನೋಡುವ ಆಸೆ, ಸ್ವಲ್ಪ ತೋರಿಸಿ ಅಂತ. ತೋರಿಸಿ! ನೋಡುತ್ತಾರಂತೆ! ಎಂಟು ಚಕ್ರದ ಕಬ್ಬಿಣದ ಪೆಟ್ಟಿಗೆ. 5,000 ಜನ ಎಳೆದು ತಂದರು. ಮುಚ್ಚಳ ತೆಗೆದರು. ರಾಮ ಮೊದಲು ಮುಟ್ಟಿ ನೋಡುತ್ತೇನೆ ಅಂದ. ಆಮೇಲೆ ಎತ್ತಿದ, ಹೆದೆ ಏರಿಸಿದ, ಎಳೆದ. ಟಕ್. ಸರಿಯಾಗಿ ನಡುವಿಗೆ.

ಎಲ್ಲರೂ ಇದನ್ನು ಪರಾಕ್ರಮದ ಕಥೆಯಾಗಿ ಕೇಳುತ್ತಾರೆ. ಬಿಲ್ಲು ಹೆರೆಯುವವನಿಗೆ ಕಾಣುವುದೇ ಬೇರೆ. ಮೊದಲನೆಯದು, ಆ ಬಿಲ್ಲನ್ನು ಇಟ್ಟಿದ್ದ ರೀತಿ. ಗಂಧ ಹಚ್ಚಿ, ಅಗರು ಧೂಪ ಹಾಕಿ, ದಿನಾ ಪೂಜೆ. ಭಕ್ತಿ ಸರಿ, ಆದರೆ ಮರ ವಿಪರೀತ ಒಣಗಿದರೆ ಪೆಡಸಾಗುತ್ತದೆ. ಬಾಗುವ ಬದಲು ಮುರಿಯುತ್ತದೆ. ವರ್ಷಾನುಗಟ್ಟಲೆ ಬಿಸಿ ಹೊಗೆ ಕುಡಿದ ಮರದಿಂದ ಏನನ್ನು ನಿರೀಕ್ಷಿಸಬಹುದು? ಎರಡನೆಯದು, ಸುಮ್ನೆ ಮಲಗಿದ್ದ ಬಿಲ್ಲನ್ನು ಒಮ್ಮೆಲೇ ಪೂರ್ತಿ ಎಳೆಯಬಾರದು. ಸ್ವಲ್ಪ ಎಳೆದು ಬಿಡಬೇಕು, ಇನ್ನು ಸ್ವಲ್ಪ ಎಳೆದು ಬಿಡಬೇಕು, ಮರಕ್ಕೆ ಬಾಗುವ ಅಭ್ಯಾಸ ಮರಳಬೇಕು. ತುಂಬಿದ ಸಭೆಯಲ್ಲಿ ಅಷ್ಟು ತಾಳ್ಮೆ ಯಾರಿಗಿತ್ತು? ಮೂರನೆಯದು, ಮುರಿದದ್ದು ನಡುವಿಗೆ. ಹಿಡಿ ಇರುವ ಜಾಗ ಅದು, ದಪ್ಪವಾಗಿ ಬಿಟ್ಟಿದ್ದರೆ ಅಲ್ಲಿ ಮುರಿಯುವ ಮಾತೇ ಇಲ್ಲ. ನಡು ಜಾಸ್ತಿ ಬಾಗುತ್ತಿತ್ತು ಅಂತಲೇ ಲೆಕ್ಕ. ಮಾಡಿದವನು ವಿಶ್ವಕರ್ಮ. ಅವನ ಕೆಲಸದಲ್ಲಿ ತಪ್ಪು ಹುಡುಕಲು ನನಗೆ ಧೈರ್ಯ ಸಾಲದು. ಆದರೂ ನಡುವನ್ನು ಒಂಚೂರು ಜಾಸ್ತಿ ಹೆರೆದನೇನೋ.

ಇಷ್ಟಕ್ಕೇ ಬಿಟ್ಟರೆ ಚೆನ್ನಾಗಿತ್ತು. ತೊಂದರೆ ಶುರುವಾಗುವುದು ಪರಶುರಾಮರು ಬಂದ ಮೇಲೆ. ದಾರಿಯಲ್ಲಿ ಅಡ್ಡಗಟ್ಟಿ, ವಿಶ್ವಕರ್ಮ ಮಾಡಿದ್ದು ಎರಡು ಬಿಲ್ಲು ಅನ್ನುತ್ತಾರೆ. ಒಂದು ಶಿವನಿಗೆ, ಒಂದು ವಿಷ್ಣುವಿಗೆ. ಇಬ್ಬರೂ ಎದುರಾದಾಗ ವಿಷ್ಣುವಿನ ಹೂಂಕಾರಕ್ಕೆ ಶಿವನ ಬಿಲ್ಲು ಆಗಲೇ ಸಡಿಲವಾಗಿತ್ತು ಅಂತಲೂ ಹೇಳುತ್ತಾರೆ. ಅಂದರೆ ಹಳೆಯ ಪೆಟ್ಟು ತಿಂದ ಮಾಲು! ಆಮೇಲೆ ಎರಡನೇ ಬಿಲ್ಲನ್ನು ಕೈಗೆ ಕೊಟ್ಟು, ಇದನ್ನು ಎಳಿ ನೋಡೋಣ ಅನ್ನುತ್ತಾರೆ. ರಾಮ ಎಳೆಯುತ್ತಾನೆ. ಅದು ಮುರಿಯುವುದಿಲ್ಲ. ಅದೇ ಕೈ, ಅದೇ ಕುಶಲಿ ಮಾಡಿದ ಬಿಲ್ಲು, ಏನೂ ಆಗಲಿಲ್ಲ. ಹಾಗಾದರೆ ತಪ್ಪು ಎಳೆದವನದಲ್ಲ, ಇಟ್ಟವರದು ಅಂತಾಯಿತು. ಈ ಸಾಕ್ಷಿ ನಮ್ಮ ಷಡ್ಡಕರ ಪರವಾಗಿದೆ. ಆದ್ದರಿಂದ ಇದನ್ನು ಅವರೆದುರು ಎತ್ತುವುದಿಲ್ಲ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಮಿಥಿಲೆಯಲ್ಲಿ ಬಿಲ್ಲು ಮುರಿದವನಿಗೆ ಮದುವೆ ಮಾಡಿ ಕಳಿಸಿದರು. ತುಂಡುಗಳನ್ನು ಯಾರು ಎತ್ತಿಟ್ಟರು, ಆ 5,000 ಜನ ಖಾಲಿ ಪೆಟ್ಟಿಗೆ ಎಳೆದುಕೊಂಡು ವಾಪಸ್ ಹೋದರಾ, ಯಾರೂ ಕೇಳುವುದಿಲ್ಲ. ಮನೆಗೆ ಬಂದು ಬಿಲ್ಲು ಎಳೆಯುವವರ ಮುಖದಲ್ಲಿ ಆ ಸಣ್ಣ ನಗು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಸಿದ್ಧಾಂತ ಹೇಳುತ್ತೇನೆ ಅಂದಿದ್ದೆ. ಇರಲಿ, ಹೆರೆಯುವುದರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಬಿಲ್ಲಿಗೂ ಬೆನ್ನು ಹೊಟ್ಟೆ ಇವೆ. ಗುರಿಯ ಕಡೆಗಿರುವುದು ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯದು ಒತ್ತಿಕೊಳ್ಳುತ್ತದೆ. ಬೆನ್ನನ್ನು ನಯ ಮಾಡಿ ಬಿಟ್ಟುಬಿಡಬೇಕು. ಅರ, ಕೀಸುಳಿ, ಚಾಕು, ಎಲ್ಲ ಕೆಲಸವೂ ಹೊಟ್ಟೆಯ ಮೇಲೆಯೇ. ಅಗಲವನ್ನು ಅರ್ಧ ಮಾಡಿದರೆ ಬಿಲ್ಲಿನ ಬಿಗಿ ಅರ್ಧವಾಗುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ದಪ್ಪ ಇಳಿಸುವಾಗ ಕೈ ನಡುಗಬೇಕು.

ಹೆದೆಯನ್ನು ಸಡಿಲವಾಗಿ ಕಟ್ಟಿ, ಒಂದಿಷ್ಟು ಎಳೆದು, ದೂರ ನಿಂತು ನೋಡುತ್ತೇನೆ. ಒಂದು ಅರ್ಧ ಚೆನ್ನಾಗಿ ಬಾಗಿರುತ್ತದೆ, ಇನ್ನೊಂದು ಸೆಟೆದುಕೊಂಡು ನಿಂತಿರುತ್ತದೆ. ಸೆಟೆದ ಜಾಗದ ಮೇಲೆ ಪೆನ್ಸಿಲ್‌ನಿಂದ ಗೀಚುತ್ತೇನೆ. ಜಾಸ್ತಿ ಬಾಗುವ ಕಡೆ ಒಂದು ಅಡ್ಡ ಗೀಟು: ಇಲ್ಲಿ ಮುಟ್ಟಬೇಡ ಅಂತ. ಆಮೇಲೆ ಚಾಕುವನ್ನು ನೆಟ್ಟಗೆ ಹಿಡಿದು, ಗೀಚಿದ್ದು ಅಳಿಸುವಷ್ಟೇ ಹೆರೆಯುವುದು. ಸಣ್ಣ ಸಣ್ಣ ಸುರುಳಿ ಬೀಳುತ್ತದೆ. ಪೆನ್ಸಿಲ್ ಗುರುತು ಹೋದ ಕೂಡಲೇ ನಿಲ್ಲಿಸಬೇಕು. ಮತ್ತೆ ಎಳೆದು ಬಿಟ್ಟು, ಎಳೆದು ಬಿಟ್ಟು, ದೂರ ನಿಂತು ನೋಡಬೇಕು. ಮತ್ತೆ ಗೀಚಬೇಕು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಮಾಡುವವರಿಗೆ ಈ ಕೆಲಸ ಹೇಳಿದ್ದಲ್ಲ.

ಇದಕ್ಕೆ ಹೊತ್ತು ಹಿಡಿಯುತ್ತದೆ. "ಇನ್ನೂ ಮುಗಿದಿಲ್ವಾ? ವಿಡಿಯೋದಲ್ಲಿ ಹತ್ತೇ ನಿಮಿಷಕ್ಕೆ ಮಾಡ್ತಾರಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಓಟ್ಸಿಯ ವಿಷಯ ಹೇಳುತ್ತೇನೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ ಮನುಷ್ಯ. ಸತ್ತು 5,000 ವರ್ಷದ ಮೇಲಾಗಿತ್ತು. ಪಕ್ಕದಲ್ಲಿ ಯೂ ಮರದ ಉದ್ದನೆ ಬಿಲ್ಲು, 1.8 ಮೀಟರಿಗೂ ಜಾಸ್ತಿ. ಮೈತುಂಬ ಕೆತ್ತಿದ ಗುರುತು, ಹೆದೆ ಸಿಕ್ಕಿಸುವ ಕಚ್ಚು ಇನ್ನೂ ಇಲ್ಲ. ಬತ್ತಳಿಕೆಯಲ್ಲಿ 14 ಬಾಣ, ಪೂರ್ತಿಯಾಗಿದ್ದು ಎರಡೇ. ಅವನಿಗೂ ಮುಗಿದಿರಲಿಲ್ಲ. ಅವನ ಎಡ ಭುಜದಲ್ಲಿ ಒಂದು ಬಾಣದ ಮೊನೆ ಹೊಕ್ಕು ಕೂತಿತ್ತು. ಇನ್ಯಾರದೋ ಬಿಲ್ಲು ಬೇಗ ಮುಗಿದಿತ್ತು ಅಂತ ಕಾಣುತ್ತದೆ. ಈ ಕೊನೆಯ ಭಾಗವನ್ನು ಮಾತ್ರ ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಬಾಣವಿಲ್ಲದೆ ಹೆದೆ ಎಳೆದು ಟಣ್ ಅಂತ ಬಿಡುವವರ ಬಗ್ಗೆಯೂ ಬರೆಯಬಹುದಿತ್ತು. ಬಾಣ ಹೊತ್ತೊಯ್ಯಬೇಕಾದ ಜೋರೆಲ್ಲ ವಾಪಸ್ ಬಿಲ್ಲಿನ ಮೈಗೇ ಬಡಿಯುತ್ತದೆ ಅಂತ ಎಷ್ಟು ಸಲ ಹೇಳಿದರೂ, ಆ ಸದ್ದು ಕೇಳುವ ಆಸೆ ಅವರಿಗೆ ಹೋಗುವುದಿಲ್ಲ. ಬರೆದರೆ ಬಿಪಿ ಏರುತ್ತದೆ. ಬೇಡ.

ಈಗ ಹೊಸ ಬಿಲ್ಲು ತಯಾರಾಗಿದೆ. ಆಶ್ ಮರ. ಗೆರೆ ಹೇಗಿದೆ ಅಂದರೆ, ಅಡಿಕೋಲು ಇಟ್ಟು ಎಳೆದ ಹಾಗೆ. ಉಪ್ಪುಕಾಗದ ಉಜ್ಜಿ, ತೆಳ್ಳಗೆ ಎಣ್ಣೆ ಹಚ್ಚಬೇಕು ಅಂತಿದ್ದೆ. ಮಗಳು ಬಂದು ನಿಂತಳು.

"ಅಪ್ಪ, ಇದಕ್ಕೆ ಪಿಂಕ್ ಪೇಂಟ್ ಹೊಡಿ."

"ಪೇಂಟ್ ಹೊಡೆದರೆ ಗೆರೆ ಮುಚ್ಚಿಹೋಗುತ್ತೆ ಪುಟ್ಟಿ."

"ಯಾವ ಗೆರೆ?"

ಬಿಲ್ಲನ್ನು ಕಿಟಕಿಯ ಹತ್ತಿರ ಒಯ್ದು ತೋರಿಸಿದೆ. ಅಗಲದ ಮುಖ ತೋರಿಸಿದೆ, ಪಕ್ಕವನ್ನೂ ತೋರಿಸಿದೆ. ಅವಳು ಬಹಳ ಗಮನವಿಟ್ಟು ನೋಡಿದಳು. ನೋಡಿ, ತುದಿಗಳಿಗೆ ಮಾತ್ರ ನೇರಳೆ ಬಣ್ಣ ಇರಲಿ ಅಂದಳು. ಪಿಂಕ್ ಎರಡು ಕೋಟ್ ಬೇಕಾಯಿತು.