ಸೆಮಿಸ್ಟರ್ ಮುಗಿದರೂ ಕಟ್ಟಡ ಮುಗಿಯಬೇಕು

ಅಮೆರಿಕದ ಅಲಬಾಮಾ ರಾಜ್ಯದ ಹೇಲ್ ಕೌಂಟಿ ಬಡ ಸೀಮೆ. ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ 1993ರಲ್ಲಿ ಶುರುಮಾಡಿದ ರೂರಲ್ ಸ್ಟುಡಿಯೊದಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಅಲ್ಲೇ ಉಳಿದು ಮನೆ, ಗ್ರಂಥಾಲಯ, ಅಗ್ನಿಶಾಮಕ ಠಾಣೆ ಕಟ್ಟುತ್ತಾರೆ. ಕೊನೆಯ ವರ್ಷದ ತಂಡ ಪದವಿ ಸಿಕ್ಕ ಮೇಲೂ ಕೆಲಸ ಮುಗಿಯುವ ತನಕ ಊರು ಬಿಡುವುದಿಲ್ಲ. ನಮ್ಮ ಕರ್ನಾಟಕದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಜ್ಯೂರಿ, ಅಂದರೆ ಪರೀಕ್ಷಕರ ಮುಂದೆ ವಿನ್ಯಾಸ ಒಪ್ಪಿಸುವುದು, ಮುಗಿದ ದಿನವೇ ಪ್ರಾಜೆಕ್ಟೂ ಮುಗಿಯುತ್ತದೆ.

ನಮ್ಮ ಹುಡುಗರಿಗೆ ಕೌಶಲದ ಕೊರತೆಯಿಲ್ಲ. ಹಳೇ ಪೇಟೆ ಬೀದಿಯನ್ನು ಟೇಪು ಹಿಡಿದು ಅಳೆದು, ಜಗಲಿ, ಅರಳಿಕಟ್ಟೆ, ಚರಂಡಿ ಸಮೇತ ಷೀಟಿಗಿಳಿಸುತ್ತಾರೆ. ಆ ಷೀಟು ಬೀದಿಯವರ ಕೈಗೆ ತಲುಪುವುದಿಲ್ಲ ಎಂಬುದೇ ನನ್ನ ಸಂಕಟ.

ರೂರಲ್ ಸ್ಟುಡಿಯೊದಲ್ಲಿ ಪಾಯ ತೋಡುವ ಮುಂಚೆ ಗೋಡೆಯೂ ಸೂರೂ ಸೇರುವ ಒಂದು ಮೂಲೆಯನ್ನು ಪೂರ್ತಿ ಅಳತೆಯಲ್ಲೇ ಕಟ್ಟಿ ನೋಡುತ್ತಾರೆ. ನೀರು ಎಲ್ಲಿ ಒಳನುಗ್ಗುತ್ತದೆ, ಸ್ಕ್ರೂ ತಿರುಗಿಸಲು ಕೈ ಹೋಗುತ್ತದೆಯೇ ಎಂಬುದು ಆಗಲೇ ಗೊತ್ತಾಗುವುದು. 2005ರಲ್ಲಿ ಆರಂಭಿಸಿದ 20 ಸಾವಿರ ಡಾಲರ್ ಮನೆಯ ಲೆಕ್ಕದಲ್ಲಿ ಸಾಮಾನಿಗೆ ಸುಮಾರು 12 ಸಾವಿರ, ಉಳಿದದ್ದು ಕೂಲಿಗೆ ಮತ್ತು ಕಂಟ್ರಾಕ್ಟರನ ಲಾಭಕ್ಕೆ. ವಿದ್ಯಾರ್ಥಿಗಳ ದುಡಿಮೆಗೆ ಕೂಲಿಯಿಲ್ಲದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿದದ್ದು ನಾಳೆ ಊರಿನ ಕಂಟ್ರಾಕ್ಟರನೂ ಅದೇ ಮನೆ ಕಟ್ಟಲಿ ಎಂದು. ಗ್ರೀನ್ಸ್‌ಬರೋದ ಲಯನ್ಸ್ ಪಾರ್ಕಿನಲ್ಲಂತೂ ಒಂದು ತಂಡ ಬೇಸ್‌ಬಾಲ್ ಮೈದಾನ, ಇನ್ನೊಂದು ಶೌಚಾಲಯ, ಮತ್ತೊಂದು ಸ್ಕೇಟಿಂಗ್ ಅಂಗಳ ಮಾಡಿತು. ಬ್ಯಾಚು ಬದಲಾದರೂ ಜಾಗ ಬದಲಾಗಲಿಲ್ಲ.

ನಮ್ಮಲ್ಲಿ ಅಂಗನವಾಡಿಗೊಂದು ನೆರಳಿನ ಜಗಲಿಯಿಂದ ಶುರುಮಾಡಬಹುದು. ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆಯ ವಿದ್ಯೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಹುಟ್ಟಿದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ ಅಸ್ತ್ರ ಕೇಂದ್ರದಿಂದಲೇ ಬೆಳೆದು ಬಂದಿದೆ. ಆಗಸ್ಟಿನಲ್ಲಿ ತಾಯಂದಿರ ಜೊತೆ ಮಾತುಕತೆ, ಮಣ್ಣಿನ ಪರೀಕ್ಷೆ. ಅಕ್ಟೋಬರಿನಲ್ಲಿ ಮಾದರಿ ಮೂಲೆ. ಮಳೆ ನಿಂತ ಮೇಲೆ ಇಟ್ಟಿಗೆ ಒತ್ತುವುದು. ಸಿಮೆಂಟು ಶೇ. 7ರಷ್ಟು ಸಾಕು. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಮರಳು ಬೆರೆಸಲೇಬೇಕು, ಇಲ್ಲದಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ. ಒತ್ತಿದ ಇಟ್ಟಿಗೆಗೆ ಮೂರು ವಾರ ನೀರು ಚಿಮುಕಿಸಬೇಕು, ಮತ್ತು ಎಡವುವುದು ಇಲ್ಲೇ: ಆ ಹೊತ್ತಿಗೆ ಸರಿಯಾಗಿ ಪರೀಕ್ಷೆ ಬರುತ್ತದೆ, ಸೈಟಿನಲ್ಲಿ ನೀರು ಹಾಕುವವರಿರುವುದಿಲ್ಲ. ಆದ್ದರಿಂದ ಆ ವಾರಗಳಿಗೆ ಸ್ಥಳೀಯ ಮೇಸ್ತ್ರಿಯ ಕೂಲಿಯನ್ನು ಮೊದಲೇ ತೆಗೆದಿಡಬೇಕು. ತಂಡದಲ್ಲಿ ಅರ್ಧ ಮೂರನೇ ವರ್ಷದವರಿದ್ದರೆ ಸೀನಿಯರುಗಳು ಟ್ರೈನಿಂಗಿಗೆ ಹೋದರೂ ಕೆಲಸ ನಿಲ್ಲುವುದಿಲ್ಲ. ಏಪ್ರಿಲಿನ ಗುಡುಗು ಮಳೆಗೆ ಮುಂಚೆ ಸೂರು ಹಾಕಿ ಮುಗಿಸಬೇಕು.

ಸೋರಿದರೆ ಯಾರು ರಿಪೇರಿ ಮಾಡಿಸಬೇಕು, ದುಡ್ಡು ಯಾವ ಬಾಬ್ತಿನಿಂದ ಎಂಬುದನ್ನು ಪಂಚಾಯಿತಿಯೂ ಕಾಲೇಜೂ ಪಾಯ ತೋಡುವ ಮೊದಲೇ ಬರೆದು ಸಹಿ ಹಾಕಿರಬೇಕು.